ಬೀಗಿತ್ತಿ ಮೆಟ್ಟಿಲು ಹತ್ತಿದ ಸಂಜೆ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಮನೆಗೊಂದು ಅಡುಗೆ ತರುವ ಕನ್ನಡ ಕೂಟದ ಪಾಟ್‌ಲಕ್‌ಗಳಲ್ಲಿ ಊಟ ಮುಗಿದು ಗಂಡಸರು ಷೇರು ಮಾರ್ಕೆಟ್ಟಿನ ಮಾತಿಗೆ ಹೋದರೆ, ಹೆಂಗಸರಲ್ಲಿ ಯಾರಾದರೊಬ್ಬರು ತಮ್ಮ ಸೋದರತ್ತೆಗೆ ಹುಣಸೆ ಮರದ ಕೆಳಗೆ ಏನೋ ಕಂಡದ್ದನ್ನು ತೆಗೆಯುತ್ತಾರೆ. ನಾನು ಪಾತ್ರೆ ತೊಳೆಯುವ ನೆಪ ಮಾಡಿ ಎದ್ದುಬಿಡುತ್ತಿದ್ದೆ. ಎಂಜಿನಿಯರಿಂಗ್ ಓದಿದವರು ಇಂಥದ್ದನ್ನು ಹೇಗೆ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ ಎಂದು ರೇಗುತ್ತಿತ್ತು. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನೀವು ನಂಬಬೇಕೆಂದೇನೂ ಇಲ್ಲ, ನಾನೇ ಪೂರ್ತಿ ನಂಬಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಸಿಟ್ಟಿನಲ್ಲಿ ಬರೆಯುತ್ತೇನೆ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ಆ ಸಂಜೆಯನ್ನು ನೆನೆದರೆ ನನಗೆ ಭಯಕ್ಕಿಂತ ಮೊದಲು ಬರುವುದು ಸಿಟ್ಟೇ.

ನಮ್ಮ ಮಗಳು ಸಿಂಧು ಮದುವೆಯಾಗಿರುವುದು ಪಾವ್ಲೊ ಎಂಬ ಫಿಲಿಪಿನೋ ಹುಡುಗನನ್ನು. ಅವನು ಹುಟ್ಟಿ ಬೆಳೆದದ್ದೆಲ್ಲ ಜರ್ಸಿ ಸಿಟಿಯಲ್ಲಿ. ನಮ್ಮ ಕಡೆಯವರು ಈಗಲೂ "ಒಳ್ಳೇ ಹುಡುಗ ಕಣ್ರೀ, ಫಿಲಿಪಿನೋ ಆದ್ರೂ" ಎನ್ನುತ್ತಾರೆ. ಆ "ಆದ್ರೂ" ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಅವನ ತಾಯಿಯ ಹೆಸರು ಟೆಸ್ಸಿ. ಫಿಲಿಪಿನೋ ಎಂದ ಕೂಡಲೇ ನಮ್ಮವರು ಕೇಳುವ ಪ್ರಶ್ನೆ "ನರ್ಸಾ?" ಎಂದು. ಅಲ್ಲ. ಆಕೆ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕ್ಲೇಮುಗಳನ್ನು ನೋಡಿ ರಿಟೈರ್ ಆದವಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಇದ್ದವನು ಒಬ್ಬನೇ ಮಗ.

ನಾವಿಬ್ಬರೂ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ಆದರೆ ನಮ್ಮಿಬ್ಬರ ನಡುವಿನ ಸಂಬಂಧಕ್ಕೆ ಇಂಗ್ಲಿಷಿನಲ್ಲಿ ಹೆಸರೇ ಇರಲಿಲ್ಲ. ನಾನು ಅವಳಿಗೆ ಬೀಗಿತ್ತಿ ಎಂಬ ಮಾತು ಹೇಳಿಕೊಟ್ಟೆ. ಅವಳು ನನಗೆ ಬಲಾಯೆ ಎಂದು ಹೇಳಿಕೊಟ್ಟಳು, ಅದೂ ಅದೇ. ಮೊಮ್ಮಗು ಹುಟ್ಟಿದ ಮೇಲೆ ನಮ್ಮ ಮನೆಯಿರುವ ಪ್ಲೇನ್ಸ್‌ಬರೋದಿಂದ ನಾನು ವಾರಕ್ಕೊಂದೆರಡು ದಿನ ಜರ್ಸಿ ಸಿಟಿಗೆ ಹೋಗುತ್ತಿದ್ದೆ. ಮಗುವನ್ನು ನೋಡಿಕೊಳ್ಳುವುದು ಅವಳ ಪಾಳಿಯೋ ನನ್ನ ಪಾಳಿಯೋ, ಕೊನೆಗೆ ಇಬ್ಬರೂ ಇರುತ್ತಿದ್ದೆವು. ಮಗುವಿಗೆ ಗಂಜಿ ತಿನ್ನಿಸುತ್ತ ಟೆಸ್ಸಿ ತನ್ನ ಕಡೆಯ ಸಂಗತಿಗಳನ್ನೆಲ್ಲ ಹೇಳುವಳು. ಈ ದೇಶಕ್ಕೆ ಮೊದಲು ಬಂದಾಗ ಚಿಕ್ಕಮ್ಮನ ಅಪಾರ್ಟ್‌ಮೆಂಟಿನಲ್ಲಿ ಒಬ್ಬರ ಮೇಲೊಬ್ಬರು ಇದ್ದರಂತೆ. ಅಳಬೇಕೆನಿಸಿದರೆ ಬಟ್ಟೆ ಒಗೆಯುವ ಲಾಂಡ್ರಿಗೆ ಹೋಗಿ, ಮೆಷಿನ್ ಸದ್ದಿನಲ್ಲಿ ಅತ್ತು ಬರಬೇಕಿತ್ತಂತೆ. ಈಗ ಎಲ್ಲರಿಗೂ ಒಂದೊಂದು ರೂಮು, ಒಂದೊಂದು ಬಾತ್‌ರೂಮು, ಆದರೆ ಮಗ ಕೂಡ ಟೆಕ್ಸ್ಟ್ ಮಾಡಿಯೇ ಬರುತ್ತಾನೆ ಎಂದು ಬೇಜಾರು ಮಾಡಿಕೊಳ್ಳುತ್ತಿದ್ದಳು.

ಅವಳ ಚರ್ಚಿನ ಹೆಂಗಸರ ಜಗಳಗಳು ನನಗೆ ಬಾಯಿಪಾಠವಾಗಿದ್ದವು. ಹಬ್ಬದ ಅಡುಗೆ ಯಾರು ಮಾಡಬೇಕೆಂಬ ಒಂದೇ ಕಾರಣಕ್ಕೆ ಒಬ್ಬಳ ಜೊತೆ ಟೆಸ್ಸಿ ವರ್ಷಗಟ್ಟಲೆ ಮಾತು ಬಿಟ್ಟಿದ್ದಳು. ಟೆಸ್ಸಿಯ ಗಂಡ ಸತ್ತ ದಿನ ಬಾಗಿಲಲ್ಲಿ ಮೊದಲು ನಿಂತವಳು ಆ ಹೆಂಗಸೇ, ಕೈಯಲ್ಲಿ ಗಂಜಿಯ ಪಾತ್ರೆ ಹಿಡಿದುಕೊಂಡು. "ಜಗಳ ಆಡಿದವರು ಬರಲೇಬೇಕು, ಇಲ್ಲದಿದ್ದರೆ ಜಗಳವಾದರೂ ಯಾಕೆ ಆಡಬೇಕು?" ಎಂದು ನಕ್ಕಿದ್ದಳು. ನಕ್ಕ ಮೇಲೆ ಹೇಳಿದ ಮಾತು ನನಗೆ ಇನ್ನೂ ಚುಚ್ಚುತ್ತದೆ: "ನಿನ್ನ ಗಂಡ ನನ್ನ ಜೊತೆ ಜಗಳ ಕೂಡ ಆಡಲಿಲ್ಲ. ನಗುನಗುತ್ತಲೇ ಬಾಗಿಲು ಹಾಕಿಕೊಂಡ."

ವಿಷಯ ಇದು. ಅವರ ಕಡೆ ಮದುವೆಗೆ ಮೊದಲು ಗಂಡಿನ ಮನೆಯವರು ಅಡುಗೆ ಮಾಡಿಕೊಂಡು ಹೆಣ್ಣಿನ ಮನೆಗೆ ಬಂದು, ಮೆಟ್ಟಿಲು ಹತ್ತಿ, ಹಿರಿಯರ ಮುಂದೆ ಕೂತು ಹೆಣ್ಣು ಕೇಳಬೇಕು. ಅದಕ್ಕೆ ಅವರ ಮಾತಿನಲ್ಲಿ ಇರುವ ಹೆಸರಿನಲ್ಲೇ ಮೆಟ್ಟಿಲು ಹತ್ತುವುದು ಎಂಬ ಅರ್ಥವಿದೆಯಂತೆ. ಹುಡುಗ ಹುಡುಗಿ ಮೊದಲೇ ಒಪ್ಪಿರಲಿ, ಹಾಲ್ ಬುಕ್ ಆಗಿರಲಿ, ಇದು ಆಗಲೇಬೇಕು. ಆಗದಿದ್ದರೆ ಹೆಣ್ಣನ್ನು ಕೇಳದೆ ಎತ್ತಿಕೊಂಡು ಹೋದ ಹಾಗೆ, ತಾಯಿಯಾದವಳಿಗೆ ತಲೆ ತಗ್ಗಿಸುವ ಮಾತು. ಟೆಸ್ಸಿ ಮೊದಲ ಸಲ ಫೋನು ಮಾಡಿದಾಗಲೇ ಕೇಳಿದ್ದು ಅದನ್ನು: ಯಾವತ್ತು ಬರಲಿ?

ನನ್ನ ಗಂಡ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಅದನ್ನು ತೆಗೆದುಹಾಕಿದರು. ಕಿಚನ್ ರಿಮಾಡೆಲ್ ನಡೆಯುತ್ತಿದೆ, ಎಡಿಸನ್ನಿನಲ್ಲಿ ಒಂದು ರೆಸ್ಟೋರೆಂಟಿನಲ್ಲೇ ಮೀಟ್ ಮಾಡೋಣ ಎಂದರು. (ಇವರನ್ನು ಏಕವಚನದಲ್ಲಿ ಬರೆಯಬೇಕೆಂದು ಕೈ ತುರಿಸುತ್ತದೆ, ಅಭ್ಯಾಸ ಬಿಡುವುದಿಲ್ಲ.) ಟೆಸ್ಸಿ ಅಲ್ಲಿಗೂ ತೆಂಗಿನ ಹಾಲಿನ ಅಕ್ಕಿ ಕಡುಬನ್ನು ಬಾಳೆಲೆಯಲ್ಲಿ ಸುತ್ತಿ ಬೇಯಿಸಿಕೊಂಡು ಬಂದಿದ್ದಳು. ನಾವು ಮಾಂಸ ತಿನ್ನುವುದಿಲ್ಲವೆಂದು ಹೊಸ ಪಾತ್ರೆ ಕೊಂಡು ಅದರಲ್ಲಿ ಮಾಡಿದ್ದಳು. ಹೊರಗಿನ ತಿಂಡಿ ತೆಗೆಯುವ ಹಾಗಿಲ್ಲ ಎಂದ ರೆಸ್ಟೋರೆಂಟಿನವನು. ಅವಳು ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕೂತಳು, ಹಾಗೇ ವಾಪಸ್ಸು ತೆಗೆದುಕೊಂಡು ಹೋದಳು. ಇವರು ಬಿಲ್ಲು ಕೊಟ್ಟು ಎಲ್ಲರ ಕೈ ಕುಲುಕಿದರು.

ಮದುವೆಯಾಯಿತು. ಆಮೇಲಾದರೂ ಒಂದು ಸಲ ಕರೆಯೋಣವೆಂದರೆ, ಅಮ್ಮ ಊರಿಂದ ಬರಲಿ ಎಂದರು. ಅತ್ತೆ ಬಂದು ನಮ್ಮಲ್ಲೇ ಇರತೊಡಗಿದ ಮೇಲೆ ಕಾರಣ ಇನ್ನೂ ಗಟ್ಟಿಯಾಯಿತು. ಅಮ್ಮನ ಮಡಿ, ಅಮ್ಮನಿಗೆ ವಯಸ್ಸಾಗಿದೆ, ಅವರು ಹಂದಿ ತಿನ್ನುವವರು, ಅಮ್ಮ ಒಪ್ಪಲ್ಲ. ಅಳಿಯ ಬರಬಹುದು, ಅವನಿಗೆ ಹೋಳಿಗೆ ತುಪ್ಪ ಉಂಟು. ಅಳಿಯನ ತಾಯಿ ಮಾತ್ರ ಕೂಡದು. ನಾನು ಕೂಗಾಡಿದ್ದೇನೆ, ಮಾತು ಬಿಟ್ಟಿದ್ದೇನೆ. ಸಿಂಧು ಅಪ್ಪನ ಜೊತೆ ಹವಾಮಾನದ ಮಾತು ಬಿಟ್ಟು ಬೇರೇನೂ ಆಡುತ್ತಿರಲಿಲ್ಲ. ಟೆಸ್ಸಿ ಮಾತ್ರ ಪ್ರತಿ ಹಬ್ಬಕ್ಕೂ ಕೇಳುವಳು, "ನಿಮ್ಮ ಮೆಟ್ಟಿಲು ನಾನಿನ್ನೂ ಹತ್ತಿಲ್ಲ, ನೆನಪಿದೆಯಲ್ಲ?" ಎಂದು. ಮೊದಮೊದಲು ತಮಾಷೆಯಾಗಿ ಕೇಳುತ್ತಿದ್ದಳು, ಕೊನೆಕೊನೆಗೆ ಅದರಲ್ಲಿ ತಮಾಷೆ ಉಳಿದಿರಲಿಲ್ಲ.

ಒಂದು ಡಿಸೆಂಬರಿನಲ್ಲಿ ಟೆಸ್ಸಿ ಸ್ಟ್ರೋಕ್ ಆಗಿ ಹೋಗಿಬಿಟ್ಟಳು. ಅಂಗಡಿಯಲ್ಲಿ ಸಾಮಾನು ತೆಗೆದುಕೊಳ್ಳುತ್ತಿದ್ದವಳು ಅಲ್ಲೇ ಕುಸಿದಳಂತೆ. ಸಿಂಧು ಫೋನು ಮಾಡಿದಾಗ ನನಗೆ ಅಳುವೂ ಬರಲಿಲ್ಲ. ಇವರು ಟಿವಿ ಸದ್ದು ಕಡಿಮೆ ಮಾಡಿ "ಛೆ" ಎಂದರು. ಆ "ಛೆ"ಗೆ ನಾನು ಸಾಯುವವರೆಗೂ ಕ್ಷಮೆ ಕೊಡುವುದಿಲ್ಲ.

ದೇಹವನ್ನು ಜರ್ಸಿ ಸಿಟಿಯ ಒಂದು ಫ್ಯೂನರಲ್ ಹೋಮಿನಲ್ಲಿ ಇಟ್ಟಿದ್ದರು. ಶನಿವಾರ ಮಧ್ಯಾಹ್ನ ನಾವಿಬ್ಬರೂ ಹೊರಟೆವು. ಸುಮ್ಮನೆ ಯಾಕೆ ಅಮ್ಮನಿಗೆ ಮೈಲಿಗೆ ಯೋಚನೆ ಎಂದು, ಇವರು ಅತ್ತೆಗೆ ಆಫೀಸಿನವರ ಪಾರ್ಟಿಗೆ ಹೋಗಿ ಬರುತ್ತೇವೆ ಎಂದು ಹೇಳಿದರು. ಹಾಗಾಗಿ ಅತ್ತೆಗೆ ಟೆಸ್ಸಿ ಸತ್ತದ್ದು ಗೊತ್ತಿರಲಿಲ್ಲ. ಇದನ್ನು ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಅಲ್ಲಿ ಅವರ ಪದ್ಧತಿಯಂತೆ ಜನ ತಿನ್ನುತ್ತಿದ್ದರು, ಹಾಡುತ್ತಿದ್ದರು, ಒಂದು ಮೂಲೆಯಲ್ಲಿ ಇಸ್ಪೀಟು ಕೂಡ ನಡೆದಿತ್ತು. ಸತ್ತವರನ್ನು ಒಂಟಿ ಬಿಡಬಾರದು, ನಿದ್ದೆ ಬಾರದಿರಲಿ ಎಂದು ಆಟ. ಇವರು ಕೋಟು ಕೂಡ ಬಿಚ್ಚದೆ, ಒಂದು ಗುಟುಕು ನೀರೂ ಮುಟ್ಟದೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ನಾನು ಟೆಸ್ಸಿಯ ಮುಖ ನೋಡಿದೆ, ಆಮೇಲೆ ಅವಳ ಚರ್ಚಿನ ಹೆಂಗಸರು ಕೊಟ್ಟದ್ದರಲ್ಲಿ ನನಗೆ ಆಗುವುದನ್ನೆಲ್ಲ ತಿಂದೆ. ಬೇಕೆಂದೇ ತಿಂದೆ.

ಹೊರಡುವಾಗ ಸಿಂಧು ಪಾರ್ಕಿಂಗ್ ಲಾಟಿನವರೆಗೆ ಬಂದು ಒಂದು ಮಾತು ಹೇಳಿದಳು. ಸಾವಿನ ಮನೆಯಿಂದ ನೇರ ಮನೆಗೆ ಹೋಗಬಾರದಂತೆ. ದಾರಿಯಲ್ಲಿ ಎಲ್ಲಾದರೂ ನಿಂತು, ಏನಾದರೂ ಕುಡಿದು ಹೋಗಬೇಕು. ಇಲ್ಲದಿದ್ದರೆ ಸತ್ತವರು ಹಿಂದೆಯೇ ಬಂದುಬಿಡುತ್ತಾರಂತೆ. ಎಲ್ಲರೂ ಮೂಲೆಯ ಡೋನಟ್ ಅಂಗಡಿಗೆ ಹೋಗುತ್ತಿದ್ದಾರೆ, ನೀವೂ ಹತ್ತು ನಿಮಿಷ ಬನ್ನಿ ಎಂದಳು.

"ನಮ್ಮಲ್ಲಿ ಹಾಗಿಲ್ಲಮ್ಮ. ಸೂತಕದಲ್ಲಿ ಅಂಗಡಿ ಗಿಂಗಡಿ ಹತ್ತೋ ಹಾಗಿಲ್ಲ. ಡೈರೆಕ್ಟಾಗಿ ಮನೆಗೆ ಹೋಗಿ ಸ್ನಾನ" ಎಂದರು ಇವರು.

ಸಿಂಧು ನನ್ನ ಮುಖ ನೋಡಿದಳು. ನಾನು ಒಂದು ಕಾಫಿಗೆ ನಿಲ್ಲಿಸಿದರೆ ಏನು ಗಂಟು ಹೋಗುತ್ತದೆ ಎಂದು ಕೇಳಿದೆ. ಇವರು ಕಾರು ಸ್ಟಾರ್ಟ್ ಮಾಡಿದರು. ಟರ್ನ್‌ಪೈಕ್ ಹೆದ್ದಾರಿಯುದ್ದಕ್ಕೂ ಎಲ್ಲೂ ನಿಲ್ಲಿಸದೆ ಓಡಿಸಿದರು. ಬದುಕಿದ್ದಾಗ ಅವಳ ಪದ್ಧತಿ ನಡೆಯಲಿಲ್ಲ, ಸತ್ತ ಮೇಲೂ ನಡೆಯಲಿಲ್ಲ ಎಂದು ನನ್ನೊಳಗೆ ಕುದಿಯುತ್ತಿತ್ತು.

ನಮ್ಮದು ಟೌನ್‌ಹೌಸು. ಗ್ಯಾರೇಜು ಕೆಳಗೆ, ಅದಕ್ಕೆ ಅಂಟಿಕೊಂಡು ಒಂದು ಬಾತ್‌ರೂಮು. ಹಾಲ್, ಅಡುಗೆಮನೆ ಎಲ್ಲ ಮೇಲೆ. ಎದುರಿನಿಂದ ಬರುವವರು ಹೊರಗಿನ ಮರದ ಮೆಟ್ಟಿಲು ಹತ್ತಿ ಮುಂಬಾಗಿಲಿಗೆ ಬರಬೇಕು. ನಾವು ತಲುಪಿದಾಗ ಇನ್ನೂ ಸಂಜೆ, ಆದರೆ ಡಿಸೆಂಬರಾದ್ದರಿಂದ ಕತ್ತಲಾಗಿತ್ತು. ಗ್ಯಾರೇಜಿನಿಂದ ಒಳಬಂದು ಇವರು ಮೊದಲು ಸ್ನಾನಕ್ಕೆ ಹೋದರು. ಸ್ನಾನವಾಗುವವರೆಗೆ ನಾನು ಏನನ್ನೂ ಮುಟ್ಟದೆ, ಮೇಲೆ ಹತ್ತದೆ, ವಾಷಿಂಗ್ ಮೆಷಿನ್ನಿನ ಪಕ್ಕ ನಿಂತಿದ್ದೆ.

ಆಗ ಹೊರಗಿನ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿತು. ನಿಧಾನವಾಗಿ ಹತ್ತುತ್ತ, ನಡುವೆ ಒಂದು ಸಲ ನಿಂತು, ಮತ್ತೆ ಹತ್ತಿದ ಸದ್ದು. ಪಕ್ಕದ ಮನೆಯ ಗುಜರಾತಿ ಆಂಟಿ ಅತ್ತೆಯನ್ನು ನೋಡಲು ಬಂದಿರಬೇಕೆಂದುಕೊಂಡೆ. ಬೆಲ್ಲು ಕೇಳಲಿಲ್ಲ. ಮೇಲೆ ಅತ್ತೆಯ ದನಿ ಕೇಳಿತು. "ಬನ್ನಿ ಬನ್ನಿ, ಒಳಗ್ಬನ್ನಿ" ಎಂದರು. ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಅತ್ತೆ ಮಾತಾಡುವುದು, ಸುಮ್ಮನಾಗುವುದು, "ಹೂಂ" ಎನ್ನುವುದು, ಮತ್ತೆ ಮಾತಾಡುವುದು. ಎದುರಿನವರ ದನಿ ಮಾತ್ರ ನನಗೆ ಕೇಳಲಿಲ್ಲ. ಗುಜರಾತಿ ಆಂಟಿಯ ಮಾತು ಬೀದಿಯ ಕೊನೆಗೂ ಕೇಳುತ್ತದೆ, ಇವತ್ತೇನು ಇಷ್ಟು ಮೆತ್ತಗೆ ಎಂದು ಅನಿಸಿತು ಅಷ್ಟೆ. ಹತ್ತಿ ಹೋಗಿ ನೋಡಬಹುದಿತ್ತು. ಮೈಲಿಗೆಯಲ್ಲಿದ್ದೆ, ಹೋಗಲಿಲ್ಲ.

ಇವರು ಬಂದ ಮೇಲೆ ನಾನೂ ತಲೆಗೆ ಎರಡು ಚೊಂಬು ನೀರು ಹುಯ್ದುಕೊಂಡು, ಒದ್ದೆ ಕೂದಲಲ್ಲೇ ಮೇಲೆ ಬಂದೆ. ಇವರು ಹಾಲಿನ ನಡುವೆ ಟವೆಲು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಅತ್ತೆ ಕುರ್ಚಿಯಲ್ಲಿ ಕೂತಿದ್ದರು. ಎದುರಿಗೆ ಇನ್ನೊಂದು ಕುರ್ಚಿ. ನಡುವಿನ ಟೀಪಾಯಿಯ ಮೇಲೆ ಸಕ್ಕರೆ ಡಬ್ಬಿ, ಮುಚ್ಚಳ ತೆಗೆದದ್ದು.

"ನಿಮ್ ಬೀಗಿತ್ತಿ ಈಗ ತಾನೇ ಹೋದ್ಳು" ಎಂದರು ಅತ್ತೆ ನನಗೆ. "ನಿಮ್ ಕಾರ್ ಹಿಂದೇನೇ ಬಂದ್ಳಲ್ಲ, ನೀವ್ಯಾಕೆ ಮೇಲ್ ಬರ್ಲಿಲ್ಲ?"

ಅತ್ತೆಯ ಕಣ್ಣಿನ ಬಗ್ಗೆ ಇಲ್ಲಿ ಹೇಳಬೇಕು. ಅವರಿಗೆ ನಡುದೃಷ್ಟಿ ಹೋಗಿ ಬಹಳ ದಿನವಾಗಿದೆ. ಮನುಷ್ಯರು ನೆರಳಿನ ಹಾಗೆ ಕಾಣುತ್ತಾರೆ, ಮುಖ ಗೊತ್ತಾಗುವುದಿಲ್ಲ. ನನ್ನನ್ನೇ ದನಿಯಿಂದ ಗುರುತಿಸುತ್ತಾರೆ. ಟೆಸ್ಸಿಯನ್ನು ಅವರು ನೋಡಿದ್ದಿಲ್ಲ, ಅವಳ ದನಿ ಕೇಳಿದ್ದಿಲ್ಲ. ಬೀಗಿತ್ತಿ ಎಂದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

ಅತ್ತೆ ಏನೂ ವಿಶೇಷವಿಲ್ಲವೆಂಬಂತೆ ಹೇಳಿದರು. ಬಂದವಳು ಚಪ್ಪಲಿ ಬಿಟ್ಟು ಒಳಗೆ ಬಂದಳಂತೆ. ಬಗ್ಗಿ ಅತ್ತೆಯ ಬಲಗೈ ತೆಗೆದುಕೊಂಡು, ಕೈಯ ಹಿಂಭಾಗವನ್ನು ತನ್ನ ಹಣೆಗೆ ಒತ್ತಿಕೊಂಡಳಂತೆ. ಕೈ ಬೆಚ್ಚಗಿತ್ತಂತೆ, ಒಲೆ ಮುಂದಿನಿಂದ ಎದ್ದು ಬಂದವರ ಕೈಯ ಹಾಗೆ. ಬಾಳೆಲೆ ಬೆಂದ ವಾಸನೆ ಬರುತ್ತಿತ್ತಂತೆ. ಆಡಿದ ಮಾತು ಯಾವ ಭಾಷೆಯೋ, ಒಂದೂ ಅರ್ಥವಾಗಲಿಲ್ಲವಂತೆ.

"ಮಾತು ಅರ್ಥ ಆಗ್ದೇ ಇದ್ರೆ ಏನಾಯ್ತು? ಹೆಣ್ ಕೇಳಕ್ಕೆ ಬಂದೋರು ಹೇಗ್ ಕೂರ್ತಾರೆ ಅಂತ ನಂಗ್ ಗೊತ್ತಿಲ್ವಾ? ಪಾಪ, ಗಂಡ ಇಲ್ದೋಳು, ಒಬ್ಳೇ ಬಂದಿದ್ಳು. ಕೊಟ್ವಿ ಅಂದೆ. ಬಾಯಿಗೆ ಸಕ್ರೆ ಹಾಕ್ದೆ."

ಹಣೆಗೆ ಕೈ ಒತ್ತಿಕೊಳ್ಳುವುದು ಅವರಲ್ಲಿ ಹಿರಿಯರಿಗೆ ಮಾಡುವ ನಮಸ್ಕಾರ. ಟೆಸ್ಸಿ ಅದನ್ನು ತನ್ನ ಚರ್ಚಿನ ಮುದುಕಿಯರಿಗೆ ಮಾಡಿದ್ದನ್ನು ನಾನು ನೋಡಿದ್ದೆ. ಪಾವ್ಲೊ ಮಾಡುವುದಿಲ್ಲ. ಅವನು ಇಲ್ಲಿಯ ಹುಡುಗ, "ಹಾಯ್ ಅಜ್ಜಿ" ಎಂದು ತಬ್ಬಿಕೊಳ್ಳುತ್ತಾನೆ ಅಷ್ಟೆ.

ನಾನು ಮುಂಬಾಗಿಲಿಗೆ ಹೋಗಿ ನೋಡಿದೆ. ಮೊಮ್ಮಗು ಓಡಿ ಹೋಗದಿರಲೆಂದು ಬಾಗಿಲಿನ ತಲೆಯಲ್ಲಿ ಒಂದು ಚಿಲಕ ಹಾಕಿಸಿದ್ದೆವು. ಅದು ಅತ್ತೆಯ ಕೈಗೆ ಎಟುಕುವುದಿಲ್ಲ. ಚಿಲಕ ಹಾಕಿದ್ದು ಹಾಕಿದ ಹಾಗೇ ಇತ್ತು.

ಇವರು ಆಗ ಬಾಯಿಬಿಟ್ಟರು. ಅಮ್ಮನಿಗೆ ಕನಸು ಬಿದ್ದಿದೆ, ಸೋಮವಾರ ಡಾಕ್ಟರಿಗೆ ತೋರಿಸೋಣ ಎಂದು ಇಂಗ್ಲಿಷಿನಲ್ಲಿ ಹೇಳಿದರು, ಅತ್ತೆಗೆ ತಿಳಿಯದಿರಲಿ ಎಂದು. ನನಗೆ ಅಲ್ಲಿಯವರೆಗೆ ಇದ್ದ ಹೆದರಿಕೆ ಅಷ್ಟೂ ಹೋಯಿತು. ನಾನು ಅತ್ತೆಯ ಮುಂದೆ ನೆಲದ ಮೇಲೆ ಕೂತು ಕನ್ನಡದಲ್ಲೇ ಕೇಳಿದೆ. ಇಷ್ಟು ದಿನ ಅವಳು ಬರುತ್ತೇನೆ ಬರುತ್ತೇನೆ ಎನ್ನುತ್ತಿದ್ದಳು. ನಿಮ್ಮ ಮಡಿಗೆ ಆಗುವುದಿಲ್ಲ, ನೀವು ಬೇಡ ಎನ್ನುತ್ತೀರಿ ಅಂತ ಕರೆಯಲಿಲ್ಲ. ಕರೆದಿದ್ದರೆ ಬೇಡ ಎನ್ನುತ್ತಿದ್ದಿರಾ?

ಅತ್ತೆ ನೆರಳು ಕಂಡ ಕಡೆಗೆ ಮುಖ ತಿರುಗಿಸಿದರು, ಅಂದರೆ ಮಗನ ಕಡೆಗೆ.

"ಬೇಡ ಅಂದೋರ್ ಯಾರು? ನನ್ನನ್ ಯಾರ್ ಕೇಳಿದ್ರು?"

ಇವರು ಟವೆಲಿನಿಂದ ತಲೆ ಒರೆಸಿಕೊಳ್ಳತೊಡಗಿದರು. ಕೂದಲು ಆಗಲೇ ಒಣಗಿತ್ತು. ಅವತ್ತು ರಾತ್ರಿ ನಾನು ಅಡುಗೆ ಮಾಡಲಿಲ್ಲ, ಯಾರೂ ಕೇಳಲೂ ಇಲ್ಲ.

ಇದಕ್ಕೆ ಕಾರಣ ಹುಡುಕದೆ ಬಿಟ್ಟವಳಲ್ಲ ನಾನು. ಗುಜರಾತಿ ಆಂಟಿಯನ್ನು ಕೇಳಿದೆ. ಆ ದಿನ ಅವರು ಮಗಳ ಮನೆಗೆ ಹೋಗಿದ್ದರು. ಬಾಗಿಲಿಗೆ ಕ್ಯಾಮೆರಾ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು, ಬ್ಯಾಟರಿ ಹೋಗಿತ್ತು, ಹಾಕಿಸುತ್ತೇನೆ ಎಂದವರು ಹಾಕಿಸಿರಲಿಲ್ಲ. ಅಜ್ಜಿಗೆ ಟೆಸ್ಸಿ ತೀರಿಕೊಂಡ ವಿಷಯ ಹೇಳಿದ್ದೆಯಾ ಎಂದು ಸಿಂಧುವನ್ನು ಕೇಳಿದೆ. "ನೋ, ಅಮ್ಮಾ. ಡ್ಯಾಡ್ ಟೋಲ್ಡ್ ಅಸ್ ನಾಟ್ ಟು" ಎಂದಳು. ನಡೆದದ್ದನ್ನು ಹೇಳಿದಾಗ ಅವಳು ಅಳಲಿಲ್ಲ. ಅಜ್ಜಿ ಟೆಸ್ಸಿಯನ್ನು ಕೂರಿಸಿ ಮಾತಾಡಿಸಿದರಾ ಎಂದು ಮಾತ್ರ ಕೇಳಿದಳು. ಹೌದು, ಕುರ್ಚಿ ಎಳೆದು ಕೂರಿಸಿದರು ಎಂದೆ. ಫೋನು ಇಟ್ಟಳು. ಅತ್ತೆ ಒಬ್ಬರೇ ಕೂತು ಏನನ್ನೋ ಕಲ್ಪಿಸಿಕೊಂಡು ಮಾತಾಡಿರಬಹುದು, ಸಕ್ಕರೆ ಡಬ್ಬಿಯನ್ನು ತಡಕಾಡಿ ತಂದಿರಬಹುದು. ಆದರೆ ಆ ಹಣೆಯ ನಮಸ್ಕಾರವನ್ನು ಎಲ್ಲಿಂದ ಕಲ್ಪಿಸಿಕೊಂಡರು? ಹೊರಗಿನ ಮೆಟ್ಟಿಲ ಸದ್ದನ್ನು ಕೇಳಿದವಳು ನಾನು, ನನಗೆ ಯಾವ ಕನಸೂ ಬಿದ್ದಿರಲಿಲ್ಲ. ಇಷ್ಟು ವರ್ಷ ತಲೆ ಕೆಡಿಸಿಕೊಂಡರೂ ನನಗೆ ಇದರ ತುದಿಬುಡ ತಿಳಿದಿಲ್ಲ.

ಅತ್ತೆ ಈಗಲೂ ನಮ್ಮ ಜೊತೆ ಇದ್ದಾರೆ. ಟೆಸ್ಸಿ ಇಲ್ಲವೆಂದು ಅವರಿಗೆ ಈಗಲೂ ಗೊತ್ತಿಲ್ಲ. ಹೇಳಬೇಕಾದವರು ನನ್ನ ಗಂಡ. ನಾನಾಗಲಿ ಸಿಂಧುವಾಗಲಿ ಹೇಳುವುದಿಲ್ಲ, ಆ ಕೆಲಸವನ್ನು ನಾವು ಅವರಿಗೆಂದೇ ಬಿಟ್ಟಿದ್ದೇವೆ. ಬೀಗಿತ್ತಿ ಬಂದು ಹೋದ ಮೇಲೆ ನಾವೂ ಒಂದು ಸಲ ಹೋಗಬೇಕು, ಹೆಣ್ಣು ಕೊಟ್ಟವರು ಹೋಗದಿದ್ದರೆ ಮರ್ಯಾದೆಯಲ್ಲ ಎಂದು ಅತ್ತೆ ಒಂದು ಸೀರೆ ತೆಗೆದಿಟ್ಟುಕೊಂಡಿದ್ದಾರೆ. ಹಬ್ಬ ಹತ್ತಿರ ಬಂತೆಂದರೆ ಮಗನನ್ನು ಕರೆದು ಕೇಳುತ್ತಾರೆ, "ಬೀಗಿತ್ತಿ ಮನೆಗ್ ಯಾವತ್ತು ಕರ್ಕೊಂಡ್ ಹೋಗ್ತೀಯೋ?"

"ಹೋಗೋಣಮ್ಮಾ, ಸ್ವಲ್ಪ ಚಳಿ ಕಮ್ಮಿ ಆಗ್ಲಿ" ಎನ್ನುತ್ತಾರೆ ಇವರು, ನಗುತ್ತಲೇ.